ಹಲವು ಕೈ, ಒಂದು ನಕ್ಷೆ

‘ಹತ್ತು ಜನರಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ’ ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಆದರೆ ಆ ಹತ್ತು ಜನರೂ ಒಂದೇ ನಕ್ಷೆಯ ಮೇಲೆ ಏಕಕಾಲದಲ್ಲಿ ಗೆರೆ ಎಳೆಯತೊಡಗಿದರೆ, ಹೊರೆ ಹಗುರವಾಗುವುದರ ಬದಲು ಗೊಂದಲವೇ ಹೆಚ್ಚೀತು. ವಿಮಾನ, ಹಡಗು, ಸೇತುವೆಗಳಂತಹ ಬೃಹತ್ ರಚನೆಗಳನ್ನು ಇಂದು ನೂರಾರು ಎಂಜಿನಿಯರುಗಳು ಕೂಡಿ ರೂಪಿಸುತ್ತಾರೆ. ಅವರ ನಕ್ಷೆಗಳೂ ಅಳತೆಗಳೂ ಗಣಕಯಂತ್ರದ ದತ್ತಾಂಶ ಭಂಡಾರದಲ್ಲಿ ಸಂಗ್ರಹವಾಗಿರುತ್ತವೆ. ಒಬ್ಬರು ಬರೆದುದನ್ನು ಮತ್ತೊಬ್ಬರು ಅರಿಯದೆ ಅಳಿಸಿಬಿಡದಂತೆ ಕಾಯುವುದು ಹೇಗೆ?

ಇದನ್ನು ತಿಳಿಯಲು ಮೊದಲು ಬ್ಯಾಂಕಿನ ಲೆಕ್ಕವನ್ನು ನೋಡೋಣ. ಒಬ್ಬರ ಖಾತೆಯಿಂದ 500 ರೂಪಾಯಿ ಕಳೆದು ಇನ್ನೊಬ್ಬರ ಖಾತೆಗೆ ಕೂಡಿಸಬೇಕಾಗಿದೆ. ಕಳೆದ ಮೇಲೆ, ಕೂಡಿಸುವ ಮೊದಲು, ವಿದ್ಯುತ್ತು ನಿಂತುಹೋದರೆ ಆ ಹಣ ಮಾಯವಾಗಬಾರದು. ಎರಡು ಹೆಜ್ಜೆಗಳೂ ಪೂರ್ಣವಾಗಬೇಕು. ಇಲ್ಲವೇ ಎರಡೂ ನಡೆಯದಂತೆಯೇ ಇರಬೇಕು. ಹೀಗೆ ಒಡೆಯಲಾಗದ ಒಂದೇ ಘಟಕವಾಗಿ ನಡೆಯುವ ಕೆಲಸವನ್ನು ‘ವಹಿವಾಟು’ ಎನ್ನುತ್ತಾರೆ. 1970ರ ದಶಕದಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯಲ್ಲಿದ್ದ ಜಿಮ್ ಗ್ರೇ ಮತ್ತು ಅವರ ಸಹೋದ್ಯೋಗಿಗಳು ಈ ಕಲ್ಪನೆಗೆ ಭದ್ರವಾದ ತಳಹದಿಯನ್ನು ಹಾಕಿದರು. ಗ್ರೇ ಅವರಿಗೆ 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. ವಹಿವಾಟು ಮುಗಿಯುವವರೆಗೆ ಗಣಕಯಂತ್ರವು ಆ ಖಾತೆಗಳಿಗೆ ಬೀಗ ಹಾಕಿರುತ್ತದೆ. ಕೆಲಸ ಕ್ಷಣಾರ್ಧದಲ್ಲಿ ಮುಗಿಯುವುದರಿಂದ ಬೀಗ ಬಿದ್ದುದು ಯಾರ ಅರಿವಿಗೂ ಬರುವುದಿಲ್ಲ.

ಎಂಜಿನಿಯರರ ಕೆಲಸದ ಪರಿಯೇ ಬೇರೆ. ವಿಮಾನದ ರೆಕ್ಕೆಯ ಒಂದು ಭಾಗವನ್ನು ರೂಪಿಸಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕಾಗುತ್ತವೆ. ಅಷ್ಟು ಕಾಲ ಬೀಗ ಹಾಕಿಟ್ಟರೆ ಪಕ್ಕದ ಭಾಗವನ್ನು ರೂಪಿಸುವವರು ಕೈಕಟ್ಟಿ ಕುಳಿತುಕೊಳ್ಳಬೇಕಾಗುತ್ತದೆ. ಕೊನೆಯ ದಿನ ಯಂತ್ರ ಕೆಟ್ಟು ನಿಂತರೆ, ‘ಪೂರ್ಣ, ಇಲ್ಲವೇ ಶೂನ್ಯ’ ಎಂಬ ನಿಯಮದಂತೆ ತಿಂಗಳುಗಳ ಶ್ರಮವೆಲ್ಲ ಅಳಿಸಿಹೋಗುತ್ತದೆ. ದೀರ್ಘಕಾಲ ನಡೆಯುವ ವಹಿವಾಟುಗಳಿಗೆ ಹಳೆಯ ಕ್ರಮ ಸಾಲದೆಂಬುದನ್ನು ಗ್ರೇ ಅವರೇ 1981ರ ತಮ್ಮ ಪ್ರಬಂಧವೊಂದರಲ್ಲಿ ಚರ್ಚಿಸಿದ್ದಾರೆ.

ಆದುದರಿಂದ ತಜ್ಞರು ಗ್ರಂಥಾಲಯದ ಪದ್ಧತಿಯನ್ನು ಹೋಲುವ ದಾರಿಯೊಂದನ್ನು ಕಂಡುಕೊಂಡರು. ಎಂಜಿನಿಯರು ತನಗೆ ಬೇಕಾದ ಭಾಗದ ಪ್ರತಿಯನ್ನು, ತನ್ನ ಹೆಸರಿನಲ್ಲಿ ದಾಖಲಿಸಿ, ಎರವಲು ಪಡೆಯುತ್ತಾನೆ. ಮೂಲವು ಭಂಡಾರದಲ್ಲಿಯೇ ಇರುವುದರಿಂದ ಉಳಿದವರು ಅದನ್ನು ನೋಡಬಹುದು. ಕೆಲಸದ ನಡುನಡುವೆ ಅವನು ಮಾಡಿದಷ್ಟನ್ನು ಜೋಪಾನ ಮಾಡುತ್ತಾನೆ. ಯಂತ್ರ ಕೆಟ್ಟರೂ ಕೊನೆಯ ಮೈಲಿಗಲ್ಲಿನಿಂದ ಮುಂದುವರಿಯಬಹುದು. ಮುಗಿದ ಮೇಲೆ, ನೆರೆಯ ಭಾಗಗಳೊಡನೆ ಹೊಂದುವುದೇ ಎಂದು ಪರೀಕ್ಷಿಸಿ, ಹೊಸ ಆವೃತ್ತಿಯೆಂದು ಹಿಂದಿರುಗಿಸುತ್ತಾನೆ. ಹಳೆಯದು ಅಳಿಯುವುದಿಲ್ಲ. ಇಬ್ಬರ ತಿದ್ದುಪಡಿಗಳು ಒಂದಕ್ಕೊಂದು ವಿರುದ್ಧವಾದರೆ ಯಂತ್ರವು ಅದನ್ನು ತೋರಿಸಿಕೊಡಬಲ್ಲದು. ಆದರೆ ಯಾವುದು ಸರಿ ಎಂದು ತೀರ್ಮಾನಿಸಬೇಕಾದವರು ಮನುಷ್ಯರೇ.

ಇಂತಹ ಹೊಂದಾಣಿಕೆ ತಪ್ಪಿದರೆ ಆಗುವ ನಷ್ಟ ಅಲ್ಪವಲ್ಲ. ಯುರೋಪಿನ ಏರ್‌ಬಸ್ ಸಂಸ್ಥೆಯ ಎ380 ಎರಡು ಅಂತಸ್ತಿನ ಬೃಹತ್ ವಿಮಾನ. ಅದರ ಒಡಲಿನಲ್ಲಿ ಹರಡಿದ ವಿದ್ಯುತ್ ತಂತಿಗಳ ಉದ್ದವೇ 500 ಕಿಲೋಮೀಟರುಗಳಿಗಿಂತ ಹೆಚ್ಚು. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ರೂಪಿಸಿದ ಭಾಗಗಳನ್ನು ಫ್ರಾನ್ಸಿನ ಟುಲೂಸ್ ನಗರದಲ್ಲಿ ಜೋಡಿಸಬೇಕಾಗಿತ್ತು. ಆದರೆ ಎರಡು ಕಡೆಯ ತಂಡಗಳು ವಿನ್ಯಾಸಕ್ಕೆ ಬಳಸುತ್ತಿದ್ದುದು ಒಂದೇ ತಂತ್ರಾಂಶದ ಬೇರೆ ಬೇರೆ ಆವೃತ್ತಿಗಳನ್ನು. ಒಂದೆಡೆಯ ಮಾರ್ಪಾಡು ಇನ್ನೊಂದೆಡೆಯ ನಕ್ಷೆಯಲ್ಲಿ ಸರಿಯಾಗಿ ಮೂಡಲಿಲ್ಲ. ಜೋಡಿಸಲು ಹೊರಟಾಗ ತಂತಿಯ ಕಟ್ಟುಗಳು ತಮ್ಮ ಸ್ಥಾನಕ್ಕೆ ಹೊಂದಲಿಲ್ಲ. 2006ರಲ್ಲಿ ಸಂಸ್ಥೆಯು ದೀರ್ಘ ವಿಳಂಬವನ್ನು ಪ್ರಕಟಿಸಬೇಕಾಯಿತು. ಮೊದಲ ವಿಮಾನ ಗ್ರಾಹಕರ ಕೈಸೇರಿದ್ದು 2007ರ ಅಕ್ಟೋಬರಿನಲ್ಲಿ.

ಆ ಎಂಜಿನಿಯರುಗಳಲ್ಲಿ ಜಾಣ್ಮೆಗೆ ಕೊರತೆಯಿರಲಿಲ್ಲ, ಶ್ರಮಕ್ಕೂ ಕೊರತೆಯಿರಲಿಲ್ಲ. ತಮ್ಮ ತಮ್ಮ ನಕ್ಷೆಗಳಲ್ಲಿ ಅವರೆಲ್ಲರ ಕೆಲಸವೂ ಸರಿಯಾಗಿಯೇ ಕಂಡಿರಬೇಕು. ನೆರೆಯವನ ಕೆಲಸದೊಡನೆ ತಾಳೆ ನೋಡುವ ತನಕ ತನ್ನ ಕೆಲಸ ಮುಗಿಯಿತೆಂದು ತಿಳಿಯದಿರುವುದೇ ಕೂಡಿ ದುಡಿಯುವವರು ಪಾಲಿಸಬೇಕಾದ ಮೊದಲ ನಿಯಮ. ದತ್ತಾಂಶ ಭಂಡಾರದ ಕಟ್ಟುಪಾಡುಗಳು ಆ ನಿಯಮವನ್ನು ಮರೆಯದಂತೆ ಎಚ್ಚರಿಸುವ ಕಾವಲುಗಾರರು.