ಗುಂಟೆಯಾಚೆಯ ಅಂಕಿಗಳು

ನವಲಗುಂದದ ಕಡೆಯ ಒಂದು ಎರೆಹೊಲದ ವಿಸ್ತೀರ್ಣ 3 ಎಕರೆ 17 ಗುಂಟೆ ಎಂದಿಟ್ಟುಕೊಳ್ಳೋಣ. ಇದನ್ನು ಹೆಕ್ಟೇರಿಗೆ ಪರಿವರ್ತಿಸಿರೆಂದು ಶಾಲೆಯಲ್ಲಿ ಲೆಕ್ಕ ಕೊಟ್ಟರೆ, ಕ್ಯಾಲ್ಕುಲೇಟರ್ ಹಿಡಿದ ಹುಡುಗನು 1.386048325 ಎಂದು ಬರೆದು ತರುತ್ತಾನೆ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೂ ಶಿಕ್ಷಕರು ಅದರ ಕೆಳಗೆ ಗೆರೆಯೆಳೆದು ‘ಎರಡು ದಶಮಾಂಶ ಸ್ಥಾನಗಳಿಗೆ ದುಂಡುಗೊಳಿಸು’ ಎಂದು ಬರೆಯುತ್ತಾರೆ. ಎರಡೇ ಏಕೆ, ಮೂರೇಕಾಗಬಾರದು ಎಂದು ಹುಡುಗನು ಕೇಳುವುದು ಅಪರೂಪ. ಕೇಳಿದರೆ, ಉತ್ತರಕ್ಕಾಗಿ ಅವನನ್ನು ಹೊಲದ ಬದುವಿಗೇ ಕರೆದೊಯ್ಯಬೇಕಾದೀತು.

ಅದಕ್ಕೂ ಮೊದಲು ಒಂದು ಎಚ್ಚರಿಕೆಯ ಮಾತು. ನಮ್ಮ ಕಡೆ ಉತಾರದಲ್ಲಿ 3 ಎಕರೆ 17 ಗುಂಟೆಯನ್ನು ‘3.17’ ಎಂದು ಚುಕ್ಕೆಯಿಟ್ಟು ಬರೆಯುವ ರೂಢಿಯುಂಟು. ಈ ಚುಕ್ಕೆ ದಶಮಾಂಶ ಬಿಂದುವಲ್ಲ. ಎಕರೆಗೆ 40 ಗುಂಟೆಯಾದ್ದರಿಂದ 17 ಗುಂಟೆಯೆಂದರೆ 0.425 ಎಕರೆ; ಹೊಲದ ನಿಜವಾದ ವಿಸ್ತೀರ್ಣ 3.425 ಎಕರೆ. ಚುಕ್ಕೆಯನ್ನು ನಂಬಿ 3.17 ಎಂದೇ ಯಂತ್ರಕ್ಕೆ ಉಣಿಸಿದವನು 10 ಗುಂಟೆಗೂ ಮಿಕ್ಕಿ ಭೂಮಿಯನ್ನು ಕಳೆದುಕೊಂಡಂತೆ. ಇಂಥ ತಪ್ಪನ್ನು ಯಾವ ದುಂಡುಗೊಳಿಸುವಿಕೆಯೂ ಸರಿಪಡಿಸಲಾರದು.

ಈಗ ಬದುವಿಗೆ ಬರೋಣ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ, ವಿಂಗೇಟ್ ಮೊದಲಾದ ಅಧಿಕಾರಿಗಳ ಕಾಲದಲ್ಲಿ, ಮುಂಬಯಿ ಪ್ರಾಂತದ ಭೂಮಿಯ ಮೋಜಣಿ ನಡೆಯಿತು. ಧಾರವಾಡ ಜಿಲ್ಲೆಯೂ ಅದರಲ್ಲಿ ಸೇರಿತ್ತು. ಆಗ ಬಳಕೆಯಾದ ಸರಪಳಿಯ ಉದ್ದ 33 ಅಡಿ. ಅದನ್ನು 16 ಆಣೆಗಳಾಗಿ ವಿಭಾಗಿಸಿದ್ದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಿರುವ ಚೌಕವೇ ಗುಂಟೆ, ಅಂದರೆ 1,089 ಚದರಡಿ. ಸರಪಳಿಯ ಮೇಲಿನ ಒಂದಾಣೆ ಎರಡು ಅಡಿಗಿಂತ ಮುಕ್ಕಾಲಂಗುಲ ಹೆಚ್ಚು. ಮೋಜಣಿದಾರನು ಹತ್ತಿರದ ಆಣೆಗೆ ಅಳತೆಯನ್ನು ಓದಿದರೆ ಅರ್ಧ ಆಣೆ, ಅಂದರೆ ಸುಮಾರು ಒಂದಡಿ, ಹೆಚ್ಚುಕಡಿಮೆಯಾಗುವುದು ಸಹಜ. ಒಂದೆಕರೆಯ ಚೌಕ ಹೊಲದ ಬದಿ ಸುಮಾರು 209 ಅಡಿ. ಒಂದಡಿಯ ಸಂದೇಹವೆಂದರೆ ಉದ್ದದಲ್ಲಿ ನೂರಕ್ಕೆ ಅರ್ಧ ಪಾಲು, ಅಗಲದಲ್ಲಿ ಇನ್ನರ್ಧ ಪಾಲು. ಎರಡೂ ಒಂದೇ ಕಡೆಗೆ ವಾಲಿದರೆ ವಿಸ್ತೀರ್ಣದಲ್ಲಿ ನೂರಕ್ಕೆ ಒಂದು ಪಾಲು, ಅಂದರೆ 0.4 ಗುಂಟೆ. ಹೊಲ ದೊಡ್ಡದಾದರೆ ಸಂದೇಹವೂ ಸ್ವಲ್ಪ ಬೆಳೆಯುತ್ತದೆ. ಆದುದರಿಂದ ನಮ್ಮ ಹೊಲದ 137 ಗುಂಟೆಗಳಲ್ಲಿ 1 ಮತ್ತು 3 ಖಚಿತ, 7 ಕೊಂಚ ಸಂಶಯಾಸ್ಪದ. ಹೀಗೆ ಖಚಿತವಾದ ಅಂಕಿಗಳನ್ನೂ ಅವುಗಳ ಬೆನ್ನಿಗೆ ಬರುವ ಮೊದಲನೆಯ ಸಂಶಯದ ಅಂಕಿಯನ್ನೂ ಸೇರಿಸಿ ಸಾರ್ಥಕ ಅಂಕಿಗಳೆಂದು ಕರೆಯುತ್ತಾರೆ. ಇಲ್ಲಿ ಅವು ಮೂರು. ಮೂರನ್ನೇ ಉಳಿಸಿದರೆ ಉತ್ತರ 1.39 ಹೆಕ್ಟೇರ್.

ಇದರಲ್ಲೊಂದು ಸೊಗಸಿದೆ. ಹೆಕ್ಟೇರಿನ ನೂರರಲ್ಲೊಂದು ಭಾಗ 100 ಚದರ ಮೀಟರು, ಗುಂಟೆ 101.17 ಚದರ ಮೀಟರು. ಹೆಚ್ಚುಕಡಿಮೆ ಎರಡೂ ಒಂದೇ! ಗುಂಟೆಯವರೆಗೆ ಅಳೆದ ಹೊಲಕ್ಕೆ ಹೆಕ್ಟೇರಿನಲ್ಲಿ ಎರಡು ದಶಮಾಂಶ ಸ್ಥಾನ ಏಕೆಂಬುದು ಈಗ ತಾನಾಗಿ ತಿಳಿಯುತ್ತದೆ. ಆದರೆ ಹತ್ತಿರವಿದೆಯೆಂದು ಲೆಕ್ಕದ ಮೊದಲಲ್ಲೇ ಗುಂಟೆಯನ್ನು 100 ಚದರ ಮೀಟರೆಂದು ಹಿಡಿದರೆ 1.39ರ ಬದಲು 1.37 ಬರುತ್ತದೆ. ದುಂಡುಗೊಳಿಸುವ ಕೆಲಸ ಲೆಕ್ಕದ ಕೊನೆಯ ಮೆಟ್ಟಿಲಿಗೆ ಸೇರಿದ್ದು.

ಹವಾಮಾನ ಇಲಾಖೆಯವರು ಈ ವಿವೇಕವನ್ನು ತೋರಿದ್ದಾರೆ. ಹಿಂದೆ 10 ಸೆಂಟ್, ಅಂದರೆ ಅಂಗುಲದ ಹತ್ತನೆಯ ಒಂದು ಭಾಗ, ಮಳೆ ಬಿದ್ದ ದಿನವನ್ನು ‘ಮಳೆಯ ದಿನ’ವೆಂದು ಎಣಿಸುತ್ತಿದ್ದರು. ಮೆಟ್ರಿಕ್ ಪದ್ಧತಿಗೆ ತಿರುಗಿಸಿದರೆ ಅದು 2.54 ಮಿಲಿಮೀಟರ್. ಇಂದಿನ ಗಡಿ 2.5, ಆ 4 ಬಿಟ್ಟುಹೋದುದರಿಂದ ಯಾವ ಬೆಳೆಯೂ ಬಾಡಿಲ್ಲ.

ಇನ್ನು ಹಿಸ್ಸೆಯ ಪ್ರಶ್ನೆ. 137 ಗುಂಟೆಗಳನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಂಡರೆ ತಲೆಗೆ 45.666... ಗುಂಟೆ. ಪ್ರತಿಯೊಬ್ಬನ ಪಾಲನ್ನೂ 46 ಎಂದು ದುಂಡುಗೊಳಿಸಿದರೆ ಒಟ್ಟು 138. ಆ ಹೆಚ್ಚಿನ ಗುಂಟೆ ಎಲ್ಲಿಂದ ಬಂತು? ‘ಮೂವರು’ ಎಂಬುದು ಅಳತೆಯಲ್ಲ, ಎಣಿಕೆ. ಅದರಲ್ಲಿ ಸಂದೇಹವೇ ಇಲ್ಲ. ಮೊತ್ತವನ್ನೂ ಕಾಗದ ಕಟ್ಟಿಹಾಕಿದೆ. ಗುಂಟೆಯನ್ನು 16 ಆಣೆಗಳಾಗಿ ಒಡೆದು, ಒಬ್ಬನಿಗೆ 45 ಗುಂಟೆ 10 ಆಣೆ, ಉಳಿದಿಬ್ಬರಿಗೆ 45 ಗುಂಟೆ 11 ಆಣೆ ಎಂದು ಬರೆದರೆ ಲೆಕ್ಕ ಕೂಡುತ್ತದೆ. ಆ ಒಂದಾಣೆಗಾಗಿ ಅಣ್ಣತಮ್ಮಂದಿರು ಮುನಿಸಿಕೊಳ್ಳಬಾರದೆಂದು ನಾನು ಹೇಳಲಾರೆ; ಅದು ಭೌತಶಾಸ್ತ್ರದ ವ್ಯಾಪ್ತಿಗೆ ಬಾರದು. ಆದರೆ ವಿಸ್ತೀರ್ಣದ ಒಂದಾಣೆಯೆಂದರೆ ಕೇವಲ 68 ಚದರಡಿ. ಒಂದೆಕರೆಯ ಹೊಲದ ಒಂದು ಬದಿಯ ಬದು ಅರ್ಧ ಅಡಿ ಅತ್ತಿತ್ತ ಸರಿದರೆ ಒಂದೂವರೆ ಆಣೆ ಕೈಬದಲಾಗುತ್ತದೆ. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಎರೆಮಣ್ಣಿನಲ್ಲಿ ಬದುವಿನ ಅಂಚು ಅಷ್ಟು ನಿಖರವಾಗಿ ನಿಲ್ಲುವುದೆಲ್ಲಿ! ಇಂದು ಉಪಗ್ರಹದ ಸಂಕೇತ ಹಿಡಿದು ಸೆಂಟಿಮೀಟರುಗಳವರೆಗೆ ಅಳೆಯುವ ಉಪಕರಣಗಳಿವೆ. ಅವು ಕಲ್ಲನ್ನು ಖಚಿತವಾಗಿ ಗುರುತಿಸಬಲ್ಲವು. ಕಲ್ಲು ಎಲ್ಲಿರಬೇಕಿತ್ತೆಂಬುದನ್ನು ಹೇಳಲಾರವು.

ಅಂಕಿಯನ್ನು ಉಳಿಸಲೇಬೇಕಾದ ಸಂದರ್ಭವೂ ಉಂಟು. ನವಲಗುಂದದ ರೈತರು ವರ್ಷಗಟ್ಟಲೆ ಹೋರಾಡಿದ ಮಹದಾಯಿ ನೀರಿನ ವಿಷಯದಲ್ಲಿ 2018ರ ಆಗಸ್ಟ್‌ನಲ್ಲಿ ನ್ಯಾಯಾಧಿಕರಣದ ತೀರ್ಪು ಹೊರಬಿತ್ತು. ಕರ್ನಾಟಕಕ್ಕೆ ಒಟ್ಟು 13.42 ಟಿ.ಎಂ.ಸಿ. ಅಡಿ, ಅದರಲ್ಲಿ ವಿದ್ಯುತ್ತಿಗೆ 8.02. ಉಳಿದುದರಲ್ಲಿ ಕಳಸಾ ನಾಲೆಯಿಂದ 1.72, ಬಂಡೂರಿಯಿಂದ 2.18, ಕಣಿವೆಯೊಳಗಿನ ಬಳಕೆಗೆ 1.50. ಈ ಮೂರನ್ನು ಕೂಡಿಸಿದರೆ 5.40. ಕೆಲವು ವರದಿಗಳಲ್ಲಿ ಇದು 5.5 ಎಂದು ಕಾಣಿಸಿಕೊಂಡಿತು. 5.40ನ್ನು ಯಾವ ನಿಯಮದಿಂದ ದುಂಡುಗೊಳಿಸಿದರೂ 5.5 ಆಗದು, ಜೊತೆಗೆ 8.02ನ್ನು ಸೇರಿಸಿ ನೋಡಿದರೆ 13.52 ಬಂದು ಗುಟ್ಟು ಬಯಲಾಗುತ್ತದೆ. 0.1 ಟಿ.ಎಂ.ಸಿ. ಎಂದರೆ 10 ಕೋಟಿ ಘನ ಅಡಿ, ಸುಮಾರು 283 ಕೋಟಿ ಲೀಟರ್ ನೀರು. 1.72ಕ್ಕೆ 2.18 ಕೂಡಿಸಿದಾಗ ಬರುವ 3.90ರ ಕೊನೆಯ ಸೊನ್ನೆಯನ್ನು ವಿದ್ಯಾರ್ಥಿಗಳು ನಿರುಪಯುಕ್ತವೆಂದು ಅಳಿಸಿಬಿಡುತ್ತಾರೆ. ತೀರ್ಪಿನ ಲೆಕ್ಕದಲ್ಲಿ ಆ ಸ್ಥಾನದ ಒಂದೊಂದು ಅಂಕಿಗೂ ಒಂದು ಕೋಟಿ ಘನ ಅಡಿಯ ಬೆಲೆಯಿದೆ. ಕಾಲುವೆಯಲ್ಲಿ ಹರಿಯುವ ನೀರನ್ನು ಅಳೆಯುವಾಗಲಾದರೋ ನೂರಕ್ಕೆ ಕೆಲವು ಪಾಲು ಹೆಚ್ಚುಕಡಿಮೆಯಾಗುವುದು ಸಾಮಾನ್ಯ. ಕಾಗದದ ಮೇಲೆ ಹಂಚಿದಷ್ಟು ನಯವಾಗಿ ನೀರನ್ನು ಅಳೆದುಕೊಡುವುದು ಎಂಜಿನಿಯರರ ಪಾಲಿಗೆ ಬಂದಿರುವ ಬೇರೊಂದು ಲೆಕ್ಕ.