ಬೆನ್ನೆಲುಬಿನ ಮೇಲಿನ ಹೊರೆಯನ್ನು ಅಳೆಯುವ ಬಗೆ

ಕಣದಿಂದ ಮನೆಗೆ, ಮನೆಯಿಂದ ಗಾಡಿಗೆ ಚೀಲ ಸಾಗಿಸುವುದು ಸುಗ್ಗಿಯಲ್ಲಿ ನಿತ್ಯದ ಕೆಲಸ. ಚೀಲದ ತೂಕ ಎಲ್ಲರಿಗೂ ಗೊತ್ತು. ಅದನ್ನು ಎತ್ತುವವರ ಬೆನ್ನೆಲುಬಿನ ಮೇಲೆ ಬೀಳುವ ಒತ್ತಡ ಮಾತ್ರ ಅದಕ್ಕಿಂತ ಹಲವು ಪಟ್ಟು ಹೆಚ್ಚು. ನೋವು ಕಾಣಿಸಿಕೊಳ್ಳುವ ಮೊದಲೇ ಈ ಹೊರೆಯನ್ನು ಅರಿಯಲು ಕೆಲಸಗಾರರ ಎತ್ತರವನ್ನು ಅಳೆಯುವ ವಿಧಾನವೊಂದಿದೆ.

ಎತ್ತರ ಕುಗ್ಗುವುದೇಕೆ?

ಬೆನ್ನೆಲುಬಿನ ಮಣಿಗಳ ನಡುವೆ 23 ಮೆತ್ತೆಗಳಿವೆ. ಇವಕ್ಕೆ ಡಿಸ್ಕ್ ಎಂದು ಹೆಸರು. ಭಾರ ಬಿದ್ದಾಗ ಇವುಗಳಲ್ಲಿನ ನೀರಿನಂಶ ನಿಧಾನವಾಗಿ ಹೊರಹೋಗಿ ಮೆತ್ತೆ ತೆಳುವಾಗುತ್ತದೆ; ಮಲಗಿದಾಗ ಮತ್ತೆ ನೀರು ಹೀರಿ ಉಬ್ಬುತ್ತದೆ. ಆದ್ದರಿಂದ ಬೆಳಗಿನ ಎತ್ತರಕ್ಕಿಂತ ಸಂಜೆಯ ಎತ್ತರ ಸುಮಾರು ಶೇ. 1ರಷ್ಟು ಕಡಿಮೆ. ಇದರಲ್ಲಿ ಅರ್ಧದಷ್ಟು ಎದ್ದ ಮೊದಲ ಗಂಟೆಯಲ್ಲೇ ಕುಗ್ಗುತ್ತದೆ. ಭಾರದ ಕೆಲಸ ಮಾಡಿದರೆ ಕುಗ್ಗುವಿಕೆ ಇನ್ನೂ ಹೆಚ್ಚು.

ಅಳೆಯುವ ಕ್ರಮ

ಎಕ್ಲುಂಡ್ ಮತ್ತು ಕಾರ್ಲೆಟ್ ಎಂಬ ತಜ್ಞರು 1984ರಲ್ಲಿ ಈ ಕುಗ್ಗುವಿಕೆಯನ್ನೇ ಬೆನ್ನಿನ ಹೊರೆಯ ಅಳತೆಯಾಗಿ ಬಳಸಬಹುದೆಂದು ತೋರಿಸಿದರು. ತುಸು ಹಿಂದಕ್ಕೆ ವಾಲಿದ ಚೌಕಟ್ಟಿಗೆ ಬೆನ್ನು ಆನಿಸಿ, ಪ್ರತಿ ಸಲವೂ ಒಂದೇ ಭಂಗಿಯಲ್ಲಿ ನಿಲ್ಲಿಸಿ, ಕೆಲಸದ ಮೊದಲು ಮತ್ತು ಅನಂತರ ಮಿಲಿಮೀಟರಿಗಿಂತಲೂ ಸೂಕ್ಷ್ಮವಾಗಿ ಎತ್ತರ ಅಳೆಯುತ್ತಾರೆ. ಗೋಡೆಯ ಮೇಲಿನ ಗುರುತು ಇದಕ್ಕೆ ಸಾಲದು. ಎರಡು ಬಗೆಯ ಕೆಲಸಗಳನ್ನು ಹೋಲಿಸುವಾಗ ಅದೇ ವ್ಯಕ್ತಿಯನ್ನು, ದಿನದ ಅದೇ ಹೊತ್ತಿನಲ್ಲಿ ಅಳೆಯಬೇಕು. ಹೆಚ್ಚು ಕುಗ್ಗಿಸುವ ಕೆಲಸವೇ ಬೆನ್ನಿಗೆ ಹೆಚ್ಚು ಭಾರ. ಈ ಅಳತೆಯಿಂದ ರೋಗ ಪತ್ತೆಯಾಗುವುದಿಲ್ಲ.

ದೂರ ಹೆಚ್ಚಿದಷ್ಟೂ ಒತ್ತಡ

ಬೆನ್ನಿನ ಸ್ನಾಯುಗಳು ಬೆನ್ನೆಲುಬಿನ ಮಧ್ಯದಿಂದ ಸುಮಾರು 5 ಸೆಂ.ಮೀ. ಹಿಂದಿವೆ. 25 ಕಿ.ಗ್ರಾಂ. ಚೀಲವನ್ನು 50 ಸೆಂ.ಮೀ. ಮುಂದೆ ಹಿಡಿದರೆ ಸ್ನಾಯುಗಳು ಸುಮಾರು 250 ಕಿ.ಗ್ರಾಂ. ತೂಕದಷ್ಟು ಬಲದಿಂದ ಎಳೆಯಬೇಕು, 25 ಸೆಂ.ಮೀ.ಗೆ ತಂದರೆ 125 ಸಾಕು. ಬಗ್ಗಿದಾಗ ಮೈಯ ಭಾರವೂ ಇದಕ್ಕೆ ಸೇರುತ್ತದೆ. ಅಮೆರಿಕದ ವೃತ್ತಿ ಸುರಕ್ಷತಾ ಸಂಶೋಧನ ಸಂಸ್ಥೆ 1981ರಲ್ಲಿ ಸೂಚಿಸಿದ ಎಚ್ಚರಿಕೆಯ ಮಟ್ಟ ಸುಮಾರು 350 ಕಿ.ಗ್ರಾಂ. ತೂಕದಷ್ಟು ಒತ್ತಡ ಮಾತ್ರ.

ಅನುಸರಿಸಬೇಕಾದ ಕ್ರಮಗಳು

1. ಚೀಲವನ್ನು ಮೈಗೆ ಒತ್ತಿ ಹಿಡಿಯಬೇಕು. ಎತ್ತುವಾಗ ಸೊಂಟ ತಿರುಚಬಾರದು.
2. ಚೀಲಗಳನ್ನು ನೆಲದ ಬದಲು ಸೊಂಟದೆತ್ತರದ ಕಟ್ಟೆಯ ಮೇಲೆ ಇರಿಸಿದರೆ ಬಗ್ಗುವುದು ತಪ್ಪುತ್ತದೆ.
3. 50 ಕಿ.ಗ್ರಾಂ. ಚೀಲವನ್ನು ಇಬ್ಬರು ಸೇರಿ ಎತ್ತಬೇಕು.
4. ಎದ್ದ ಕೂಡಲೇ ಬಗ್ಗಿ ಭಾರ ಎತ್ತಬಾರದು. ಆಗ ಮೆತ್ತೆಗಳು ನೀರು ತುಂಬಿ ಬಿಗಿದಿರುತ್ತವೆ.
5. ಮಧ್ಯಾಹ್ನ ಊಟದ ಬಿಡುವಿನಲ್ಲಿ ಸ್ವಲ್ಪ ಹೊತ್ತು ಮಲಗಿದರೆ ಮೆತ್ತೆಗಳು ಚೇತರಿಸಿಕೊಳ್ಳುತ್ತವೆ. ಕೂಲಿಯಾಳುಗಳಿಗೂ ಈ ಬಿಡುವು ಕೊಡಬೇಕು.

ಕಾಲಿಗೆ ಇಳಿಯುವ ನೋವು, ಜೋಮು ಅಥವಾ ಮೂತ್ರ ಕಟ್ಟುವಿಕೆ ಕಂಡುಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.