ಕಪಿಲೆಯ ದಂಡೆಯಿಂದ ಹಡಗಿನ ಮಹಡಿಗೆ

68ನೇ ವಯಸ್ಸಿನಲ್ಲಿ ಹಡಗು ಹತ್ತಿ ಬರುತ್ತೇನೆ ಎಂದಾಗ ನಮ್ಮ ಬೀದಿಯವರಿಗೆ ನಗು ತಡೆಯಲಾಗಲಿಲ್ಲ. “ಕಪಿಲೆಯಲ್ಲಿ ಮೊಣಕಾಲುದ್ದ ನೀರಿಗೆ ಇಳಿಯೋಕೆ ಹೆದರ್ತೀರಿ, ಸಮುದ್ರಕ್ಕೆ ಹೋಗ್ತೀರಾ?” ಎಂದರು ಎದುರುಮನೆಯಾಕೆ. ಅವರು ಹೇಳಿದ್ದು ಸುಳ್ಳಲ್ಲ. ನಂಜನಗೂಡಿನ ಸ್ನಾನಘಟ್ಟದಲ್ಲಿ ಇವತ್ತಿಗೂ ನಾನು ಮೇಲಿನ ಮೆಟ್ಟಿಲಲ್ಲೇ ಕೂತು ಚೊಂಬಿನಿಂದ ನೀರು ಸುರಿದುಕೊಳ್ಳುವವಳು.

ಹಡಗಿನ ಆಸೆ ಇದ್ದದ್ದು ನಮ್ಮ ಯಜಮಾನರಿಗೆ. 2022ರ ಜೂನ್‌ನಲ್ಲಿ ‘ಎಂಪ್ರೆಸ್’ ಎಂಬ ಪ್ರವಾಸಿ ಹಡಗು ಚೆನ್ನೈ ಬಂದರಿನಿಂದ ಹೊರಟ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಪಂಚಾಂಗದೊಳಗೆ ಇಟ್ಟುಕೊಂಡಿದ್ದರು. “ಮೊಮ್ಮಕ್ಕಳು ಸ್ವಲ್ಪ ದೊಡ್ಡವರಾಗಲಿ, ಹೋಗೋಣ” ಎನ್ನುತ್ತಿದ್ದರು. ಮೊಮ್ಮಕ್ಕಳು ದೊಡ್ಡವರಾಗುವಷ್ಟರಲ್ಲಿ ಅವರೇ ಇರಲಿಲ್ಲ. ತಿ. ನರಸೀಪುರದ ಸಂಗಮದಲ್ಲಿ ಅವರ ಅಸ್ಥಿ ಬಿಟ್ಟು ಬಂದೆವು. ಮುಂದಿನ ಯುಗಾದಿಗೆ ಹೊಸ ಪಂಚಾಂಗ ಬಂದಾಗ ಹಳೆಯದರಿಂದ ಆ ಚೀಟಿ ಕೆಳಗೆ ಬಿತ್ತು. ಮೊಮ್ಮಗಳು ಓದಿ ನೋಡಿ ಕೇಳಿದಳು: “ಅಜ್ಜಿ, ತಾತ ನಮ್ಮನ್ನೂ ಸೇರಿಸೇ ಹೇಳಿದ್ದು ಅಲ್ವಾ?”

ಕಳೆದ ಮಳೆಗಾಲದಲ್ಲಿ ಹೋಗಿಬಂದೆವು. ನಾನು, ಮಗ, ಸೊಸೆ, ಏಳನೇ ತರಗತಿಯ ಮೊಮ್ಮಗಳು, ಮೂರನೇ ತರಗತಿಯ ಮೊಮ್ಮಗ. ಚೆನ್ನೈನಿಂದ ಹೊರಟು ಎರಡು ರಾತ್ರಿ ಸಮುದ್ರದಲ್ಲಿದ್ದು ಮತ್ತೆ ಚೆನ್ನೈಗೇ ಬರುವ ಪ್ರಯಾಣ. ಬಂದ ಮೇಲೆ ಅದೇ ಬೀದಿಯವರು ನೂರೆಂಟು ಪ್ರಶ್ನೆ ಕೇಳಿದರು. ನಿಮಗೂ ಉಪಯೋಗಕ್ಕೆ ಬಂದೀತೆಂದು ನಾವು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಪಾಠ ಹರಿಗೋಲಿನಲ್ಲಿ

ಹಣ ಕಟ್ಟುವ ಮೊದಲು ಮಗ ನನಗೊಂದು ಪರೀಕ್ಷೆ ಇಟ್ಟ. ಬೇಸಿಗೆಯ ಒಂದು ಭಾನುವಾರ ಎಲ್ಲರನ್ನೂ ತಿ. ನರಸೀಪುರಕ್ಕೆ ಕರೆದುಕೊಂಡು ಹೋದ. ನಮ್ಮ ಕಪಿಲೆ ಅಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಸ್ಫಟಿಕ ಸರೋವರವೂ ಗುಪ್ತವಾಗಿ ಸೇರುತ್ತದೆಂಬ ನಂಬಿಕೆಯಿಂದ ಅದು ತ್ರಿವೇಣಿ ಸಂಗಮ. ಒಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿ, ಇನ್ನೊಂದು ದಡದಲ್ಲಿ ಅಗಸ್ತ್ಯೇಶ್ವರ. ನೀರು ಕಡಿಮೆಯಿತ್ತು, ಲೈಫ್ ಜಾಕೆಟ್ ಕೊಟ್ಟರು, ಹರಿಗೋಲು ಹತ್ತಿದೆವು.

ಹರಿಗೋಲು ತಿರುಗಿದ್ದೇ ನಾನು ಗಾಬರಿಯಾಗಿ ಎದ್ದು ನಿಂತೆ. ಅಂಬಿಗ ಗದರಲಿಲ್ಲ. “ಅಮ್ಮಾ, ಕುಂತ್ಕಳಿ. ನೀರಿನ್ ಮೇಲೆ ಹೆದ್ರಿಕೆ ಆದ್ರೆ ಎದ್ದು ಓಡಬಾರ್ದು, ಇದ್ದಲ್ಲೇ ಕುಂತ್ಕಬೇಕು” ಎಂದ. ಭಾರವನ್ನು ಎಲ್ಲ ಕಡೆಗೂ ಸಮನಾಗಿ ಹಂಚಿ ಕೂರಿಸಿದ. ನದಿಯಲ್ಲಿ ಅವನ ಮಾತೇ ನಡೆಯಬೇಕು, ಯಾರೂ ಎದುರಾಡಬಾರದು ಎಂದ. ಹದಿನೈದು ನಿಮಿಷದ ಆ ಪಾಠ ಮುಂದೆ ಹಡಗಿನಲ್ಲಿ ಎಷ್ಟು ಬಾರಿ ನೆನಪಾಯಿತೋ! ನೀರಿನ ಪ್ರಯಾಣದ ಬಗ್ಗೆ ಅಳುಕಿರುವವರು ಮೊದಲು ಹತ್ತಿರದ ಕೆರೆಯಲ್ಲೋ ಹೊಳೆಯಲ್ಲೋ ಹೀಗೊಮ್ಮೆ ಕೂತು ನೋಡಿ. ಲೈಫ್ ಜಾಕೆಟ್ ಇಲ್ಲದಿದ್ದರೆ, ಹೊಳೆ ತುಂಬಿ ಹರಿಯುತ್ತಿದ್ದರೆ ಮಾತ್ರ ಬೇಡವೇ ಬೇಡ.

ಯಾವಾಗ, ಎಲ್ಲಿಂದ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಕೆರಳಿರುತ್ತದೆ. ಮುಂಬೈನಿಂದ ಗೋವಾ, ಲಕ್ಷದ್ವೀಪದ ಕಡೆಗೆ ಹೋಗುವುದಿದ್ದರೆ ಮಳೆಗಾಲ ಕಳೆದ ಮೇಲಿನ ತಿಂಗಳುಗಳು ಹಿತ. ಬಂಗಾಳ ಕೊಲ್ಲಿಯಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರಿನ ಮಳೆ, ಚಂಡಮಾರುತದ ಭಯ. ದಸರಾ ರಜೆ ಇದೆಯೆಂದು ಚೆನ್ನೈ ಹಡಗಿಗೆ ಅವಸರಪಡುವ ಮೊದಲು ಇದನ್ನು ಯೋಚಿಸಿ. ಚೆನ್ನೈನಿಂದ ವರ್ಷವಿಡೀ ಹಡಗು ಸಿಗುವುದಿಲ್ಲ. ಆ ವರ್ಷದ ವೇಳಾಪಟ್ಟಿ ಕೇಳಿಕೊಂಡೇ ರಜೆ ಹಾಕಿ.

ನಾವು ಮೈಸೂರಿನಿಂದ ಕಾವೇರಿ ಎಕ್ಸ್‌ಪ್ರೆಸ್ ಹಿಡಿದೆವು. ರಾತ್ರಿ ಮಲಗಿದರೆ ಬೆಳಗ್ಗೆ ಚೆನ್ನೈ. ಹಡಗಿನ ದಿನವೇ ಹೋಗಿ ಇಳಿಯದೆ ಒಂದು ದಿನ ಮುಂಚೆ ಸೇರಿಕೊಂಡೆವು. ರೈಲು ತಡವಾದರೆ ಹಡಗು ಕಾಯುವುದಿಲ್ಲ. ಹಿಂದಿರುಗುವ ರೈಲನ್ನೂ ಸಂಜೆಗೇ ಇಟ್ಟುಕೊಳ್ಳಿ. ಸಾವಿರಾರು ಜನ ಇಳಿಯಲು ಹೊತ್ತು ಹಿಡಿಯುತ್ತದೆ.

ಕೋಣೆ ಮತ್ತು ಖರ್ಚು

ಹಡಗಿನ ಕೋಣೆಗೆ ಕ್ಯಾಬಿನ್ ಎನ್ನುತ್ತಾರೆ. ಕಿಟಕಿಯಿಲ್ಲದ ಒಳಗಿನ ಕೋಣೆ ಅಗ್ಗ. ಸಮುದ್ರ ಕಾಣುವ ಕಿಟಕಿಯದು ಅದಕ್ಕಿಂತ ದುಬಾರಿ, ಬಾಲ್ಕನಿ ಇರುವುದು ಇನ್ನೂ ದುಬಾರಿ. ವಯಸ್ಸಾದವರಿಗೆ ನನ್ನ ಸಲಹೆ: ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ, ಲಿಫ್ಟಿಗೆ ಹತ್ತಿರವಾದ ಕೋಣೆ ಕೇಳಿ. ತೊಟ್ಟಿಲಿನ ನಡುವೆ ಮಲಗಿದ ಮಗುವಿಗೆ ತೂಗಾಟ ಕಡಿಮೆ ತಾನೇ? ಇದೂ ಹಾಗೆಯೇ. ಬಚ್ಚಲುಮನೆಯ ಹೊಸ್ತಿಲು ಎತ್ತರವಿರಬಹುದು, ರಾತ್ರಿ ಎದ್ದಾಗ ಹುಷಾರು.

ಜಾಹೀರಾತಿನ ದರ ಪೂರ್ತಿ ದರವಲ್ಲ. ಬಂದರು ಶುಲ್ಕ, ಜಿಎಸ್‌ಟಿ, ಸಿಬ್ಬಂದಿಯ ಸೇವಾ ಶುಲ್ಕ ಸೇರಿ ಒಟ್ಟು ಎಷ್ಟು ಎಂದು ಕೇಳಿ. ದಿನದ ಊಟ, ತಿಂಡಿ ಸಾಮಾನ್ಯವಾಗಿ ಟಿಕೆಟ್ಟಿನಲ್ಲೇ ಸೇರಿರುತ್ತದೆ. ತಂಪು ಪಾನೀಯ, ಇಂಟರ್‌ನೆಟ್, ಕೆಲವು ಆಟಗಳಿಗೆ ಬೇರೆ ದುಡ್ಡು. ಮೊಬೈಲನ್ನು ಹಡಗು ಹೊರಟ ಕೂಡಲೇ ಏರೋಪ್ಲೇನ್ ಮೋಡ್‌ಗೆ ಹಾಕಿಬಿಡಿ. ನಡುಸಮುದ್ರದಲ್ಲಿ ಅದು ಹಡಗಿನ ಉಪಗ್ರಹ ಜಾಲಕ್ಕೆ ಅಂಟಿಕೊಂಡರೆ ಮನೆಗೆ ಬಂದ ಮೇಲೆ ಬಿಲ್ಲು ನೋಡಿ ತಲೆ ತಿರುಗೀತು.

ಕೈಚೀಲದಲ್ಲಿ ಏನಿರಬೇಕು?

ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ತೆಗೆದುಕೊಳ್ಳುತ್ತಾರೆ, ಕೋಣೆಗೆ ಬರಲು ಗಂಟೆಗಟ್ಟಲೆ ಆಗಬಹುದು. ಆದ್ದರಿಂದ ಗುಳಿಗೆಗಳು, ವೈದ್ಯರ ಚೀಟಿ, ಕನ್ನಡಕ, ಒಂದು ಜೊತೆ ಬಟ್ಟೆ, ತೆಳುವಾದ ಸ್ವೆಟರ್ ಕೈಯಲ್ಲೇ ಇರಲಿ. ಒಳಗೆ ಎಸಿ ಚಳಿ ಇರುತ್ತದೆ. ಗುಳಿಗೆ ಎರಡು ದಿನದ್ದು ಹೆಚ್ಚಿಗೆ ಇಟ್ಟುಕೊಳ್ಳಿ. ದೇಶದೊಳಗಿನ ಪ್ರಯಾಣಕ್ಕೆ ಎಲ್ಲರಿಗೂ, ಮಕ್ಕಳಿಗೂ, ಸರ್ಕಾರಿ ಗುರುತಿನ ಚೀಟಿ ಬೇಕು. ಶ್ರೀಲಂಕಾ ಕಡೆ ಹೋಗುವ ಹಡಗಾದರೆ ಪಾಸ್‌ಪೋರ್ಟ್ ಬೇಕೇ ಬೇಕು.

ನಾನು ಪೆಟ್ಟಿಗೆಯಲ್ಲಿ ಸಣ್ಣ ದೀಪ, ಕರ್ಪೂರ, ಊದುಬತ್ತಿ ಇಟ್ಟಿದ್ದೆ. ಸೊಸೆ ನಿಯಮ ಓದಿ ತೆಗೆಸಿದಳು. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಶತ್ರುವಿಲ್ಲವಂತೆ. ಎರಡು ದಿನ ಕೈಮುಗಿದದ್ದೇ ಪೂಜೆ. ಮನೆಯ ತಿಂಡಿಗೂ ಹೆಚ್ಚಿನ ಹಡಗುಗಳಲ್ಲಿ ಅನುಮತಿ ಇಲ್ಲ. ತಂದಿದ್ದ ನಂಜನಗೂಡು ರಸಬಾಳೆಯನ್ನೆಲ್ಲ ಹಡಗು ಹತ್ತುವ ಮೊದಲೇ ತಿಂದು ಮುಗಿಸಿದೆವು.

ವಾಂತಿ ಬರುವಂತಾದರೆ ದೂರದ ದಿಗಂತ ನೋಡುತ್ತಾ ಗಾಳಿಯಲ್ಲಿ ಕೂರಿ. ಹೊಟ್ಟೆ ಬಿರಿಯ ತಿನ್ನಬೇಡಿ, ಖಾಲಿಯೂ ಬಿಡಬೇಡಿ. ನನಗೆ ಮೊಸರನ್ನ ಮತ್ತು ಶುಂಠಿ ಒಗ್ಗಿತು. ಗುಳಿಗೆ ಬೇಕೆನಿಸಿದರೆ ಊರಲ್ಲೇ ನಿಮ್ಮ ವೈದ್ಯರನ್ನು ಕೇಳಿ. ಕೆಲವು ಗುಳಿಗೆ ಮಂಪರು ತರುತ್ತವೆ, ನಮ್ಮಂಥವರು ಬಿದ್ದರೆ ಕಷ್ಟ.

ಹತ್ತಿದ ಮೇಲೆ ಮೊದಲ ಕೆಲಸ

ಹಡಗು ಹೊರಡುವ ಮೊದಲು ಎಲ್ಲರಿಗೂ ಸುರಕ್ಷತೆಯ ತಾಲೀಮು ಇರುತ್ತದೆ. ಲೈಫ್ ಜಾಕೆಟ್ ಹೇಗೆ ತೊಡುವುದು, ಅಪಾಯ ಬಂದರೆ ಎಲ್ಲಿ ಸೇರುವುದು ಎಂದು ತೋರಿಸುತ್ತಾರೆ. ಏಳು ಸಲ ಚಿಕ್ಕದಾಗಿ, ಕೊನೆಗೆ ಒಂದು ಸಲ ಉದ್ದವಾಗಿ ಸೀಟಿ ಕೂಗಿದರೆ ತುರ್ತು ಕರೆ ಎಂದರ್ಥ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ, 1914ರಲ್ಲಿ ಹಲವು ದೇಶಗಳು ಸೇರಿ ಹಡಗಿನ ಸುರಕ್ಷತೆಗೆ ಒಪ್ಪಂದ ಮಾಡಿಕೊಂಡವು. ಈಗಿನ ನಿಯಮಗಳ ಮೂಲ ಅದೇ. ಸೆಲ್ಫಿಯ ಸಂಭ್ರಮದಲ್ಲಿ ಈ ತಾಲೀಮು ತಪ್ಪಿಸಬೇಡಿ.

ಆಮೇಲೆ ನಾವು ಒಂದು ಜಾಗ ಗೊತ್ತುಮಾಡಿಕೊಂಡೆವು: ಯಾರು ತಪ್ಪಿಸಿಕೊಂಡರೂ ಐದನೇ ಅಂತಸ್ತಿನ ದೊಡ್ಡ ಮೆಟ್ಟಿಲ ಬಳಿ ಬರಬೇಕು. ಎರಡನೇ ದಿನ ಮಧ್ಯಾಹ್ನ ಮೊಮ್ಮಗ ಕಾಣದಾದ. ಈಜುಕೊಳದ ಹತ್ತಿರ ಇಲ್ಲ, ಊಟದ ಮನೆಯಲ್ಲಿ ಇಲ್ಲ. ಸೊಸೆಯ ಮುಖ ಬಿಳಿಚಿಕೊಂಡಿತು. ನನ್ನ ಕಣ್ಣಿಗೆ ಸುತ್ತಲೂ ನೀರು ಬಿಟ್ಟು ಬೇರೇನೂ ಕಾಣಲಿಲ್ಲ. ಮಗ ಮೆಟ್ಟಿಲ ಬಳಿ ಓಡಿದ. ಹುಡುಗ ಅಲ್ಲೇ, ಕೆಳಗಿನ ಮೆಟ್ಟಿಲ ಮೇಲೆ ಮಂಡಿ ಕಟ್ಟಿಕೊಂಡು ಕೂತಿದ್ದ. ಬಂದು ನನ್ನ ಸೆರಗು ಹಿಡಿದು ಹೇಳಿದ: “ಓಡೋಣ ಅನ್ನಿಸ್ತು ಅಜ್ಜಿ. ಆದ್ರೆ ಹರಿಗೋಲಿನ ಮಾಮ ಕುಂತ್ಕಬೇಕು ಅಂದಿದ್ರಲ್ಲ.”

ಮಕ್ಕಳೇ, ನಿಮಗಿಷ್ಟು

ಕಂಬಿಯ ಮೇಲೆ ಹತ್ತಬೇಡಿ, ಬಾಗಬೇಡಿ. ಕೋಣೆಯ ನಂಬರು ಬಾಯಿಪಾಠ ಮಾಡಿ. ಒಂದು ದಿನಚರಿ ಇಡಿ: ಸೂರ್ಯ ಹುಟ್ಟಿದ್ದು ಎಷ್ಟು ಗಂಟೆಗೆ, ಹಡಗಿನ ವೇಗ ಎಷ್ಟು ನಾಟ್. ಒಂದು ನಾಟ್ ಎಂದರೆ ಗಂಟೆಗೆ 1,852 ಮೀಟರ್. ಕಬ್ಬಿಣದ ಮೊಳೆ ಮುಳುಗುತ್ತದೆ, ಕಬ್ಬಿಣದ ಹಡಗು ಏಕೆ ತೇಲುತ್ತದೆ? ಬಕೆಟ್ ನೀರಿನಲ್ಲಿ ಸ್ಟೀಲ್ ಬಟ್ಟಲು ಬಿಟ್ಟು ನೋಡಿ. ಬಟ್ಟಲು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ತಳ್ಳಿ ತೇಲುತ್ತದೆ. ಹರಿಗೋಲೂ ಹಾಗೆ, ಹಡಗೂ ಹಾಗೆ.

ಕೊನೆಯ ಬೆಳಗು

ನನ್ನ ಕೈಚೀಲದಲ್ಲಿ ಯಾರಿಗೂ ಹೇಳದ ಒಂದು ವಸ್ತು ಇತ್ತು. ಸಂಗಮದ ನೀರು ತುಂಬಿದ ಪುಟ್ಟ ಶೀಷೆ. ಯಜಮಾನರ ಹೆಸರು ಹೇಳಿ ಸಮುದ್ರಕ್ಕೆ ಬಿಡೋಣವೆಂದು ತಂದಿದ್ದೆ. ಕೊನೆಯ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಮೊಮ್ಮಕ್ಕಳ ಜೊತೆ ಮೇಲಿನ ಮಹಡಿಗೆ ಹೋಗಿ ಶೀಷೆ ತೆಗೆದೆ. ಮೊಮ್ಮಗಳು ಕೈ ಹಿಡಿದಳು. “ಅಜ್ಜಿ, ಹಡಗಿಂದ ಏನೂ ಹಾಕಬಾರದು ಅಂತ ಬೋರ್ಡ್ ಇದೆ.”

ನಾನು ಸುಮ್ಮನಾದೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಹೇಳಿದಳು: “ನಾವು ಹಾಕೋದೇ ಬೇಡ. ಕಪಿಲೆ ನರಸೀಪುರದಲ್ಲಿ ಕಾವೇರಿಗೆ ಸೇರ್ತಾಳೆ. ಕಾವೇರಿ ಪೂಂಪುಹಾರ್ ಹತ್ರ ಈ ಸಮುದ್ರಕ್ಕೇ ಬರ್ತಾಳೆ. ಪಾಠದಲ್ಲಿದೆ.”

ನಾವು ಊರು ಬಿಟ್ಟ ದಿನ ಕಪಿಲೆ ಕೆಂಪಗೆ ತುಂಬಿ ಹರಿಯುತ್ತಿದ್ದಳು, ಹದಿನಾರು ಕಾಲು ಮಂಟಪ ಅರ್ಧ ಮುಳುಗಿತ್ತು. ಅದು ನೆನಪಾಯಿತು.

“ಹಾಗಾದ್ರೆ ತಾತ ನಮಗಿಂತ ಮುಂಚೇನೇ ಬಂದಿದಾರಾ?” ಎಂದ ಮೊಮ್ಮಗ.

“ಹೂಂ ಕಣೋ” ಎಂದೆ. ಮೂವರೂ ಬೆಂಚಿನ ಮೇಲೆ ಕೂತು ಬೆಳಕಾಗುವುದನ್ನು ನೋಡಿದೆವು. ಎರಡು ದಿನದಲ್ಲಿ ಸಂಗೀತ, ಮ್ಯಾಜಿಕ್, ಬಗೆಬಗೆಯ ಊಟ ಎಲ್ಲ ಆಗಿತ್ತು. ಮಕ್ಕಳಿಗೆ ಇಂದಿಗೂ ನೆನಪಿರುವುದು ಆ ಅರ್ಧ ಗಂಟೆ. ಅದಕ್ಕೇ ಹೇಳುತ್ತೇನೆ, ದಿನದ ಪಟ್ಟಿಯಲ್ಲಿ ಏನೂ ಮಾಡದೆ ಕೂರಲು ಒಂದಿಷ್ಟು ಹೊತ್ತು ಬಿಡಿ. ಮೊಮ್ಮಕ್ಕಳು ದೊಡ್ಡವರಾಗಲಿ ಎಂದು ಬಹಳ ಕಾಯಬೇಡಿ. ಹಡಗಿಗೆ ಹಣ ಹೊಂದದಿದ್ದರೆ ಸಂಗಮದ ಹರಿಗೋಲಿಗಾದರೂ ಕರೆದೊಯ್ಯಿರಿ.

ಶೀಷೆ ಈಗ ದೇವರ ಮನೆಯಲ್ಲಿದೆ. ಯಜಮಾನರ ಚೀಟಿ ಮಾತ್ರ ಪಂಚಾಂಗದಲ್ಲಿಲ್ಲ. ಎದುರುಮನೆಯಾಕೆ ಓದಿ ಕೊಡುತ್ತೇನೆಂದು ತೆಗೆದುಕೊಂಡು ಹೋದವರು ಇನ್ನೂ ವಾಪಸ್ ಕೊಟ್ಟಿಲ್ಲ.